ಎಪ್ಪತ್ತೆರಡು ಗಂಟೆ ಮತ್ತು ಒಬ್ಬಳು ಮಾದ್ರಿನಾ

ಆಗಸ್ಟ್ 28, ಮಂಗಳವಾರ

ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹೆಸರು, ಹುದ್ದೆ ಬರೆಯಲು ಗೆರೆ ಹಾಕಿಟ್ಟಿದ್ದಾರೆ. ಬರೆದುಬಿಡೋಣ. ಹೆಸರು: ಓಫೆಲಿಯಾ ಬರ್ರಾಸಾ. ಹುದ್ದೆ: ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ವಿದ್ಯಾರ್ಥಿಗಳ ನೆರವು ಕಚೇರಿಯ ಉಪನಿರ್ದೇಶಕಿ. ಈ ‘ಉಪ’ ಉಪಕಾರದಿಂದ ಬಂದದ್ದೋ ಉಪದ್ರವದಿಂದ ಬಂದದ್ದೋ ಹನ್ನೊಂದು ವರ್ಷವಾದರೂ ತೀರ್ಮಾನವಾಗಿಲ್ಲ.

ಪೋಸ್ಟರ್ ಬಂತು. ಬಾಗಿಲಿನಷ್ಟು ಎತ್ತರ, ಅದರ ತುಂಬ ಯಾದಿರಾ ಲುಸೆರೊ. ಮೈಗೆ ಬಿಳಿ ಕೋಟು, ಕಣ್ಣಿಗೆ ಕನ್ನಡಕ, ಕೈಯಲ್ಲಿ ನೀಲಿ ನೀರು ತುಂಬಿದ ಗಾಜಿನ ಪಾತ್ರೆ. ಅವಳ ಪ್ರಯೋಗದಲ್ಲಿ ನೀಲಿ ನೀರೇ ಇಲ್ಲವಂತೆ. ಫೋಟೋ ತೆಗೆಯುವವನು ಶಾಯಿ ಬೆರೆಸಿದ.

“ಮಿಸ್, ಇದು ಸುಳ್ಳಲ್ವಾ?” ಅಂದಳು.

“ನೀರು ಸುಳ್ಳು ಮಗಳೇ, ನೀನು ನಿಜ. ಅಷ್ಟು ಸಾಕು” ಅಂದೆ. ಉತ್ತರ ನನಗೇ ಹಿಡಿಸಿತು.

ಈ ಕಣಿವೆಯಲ್ಲಿ ಹತ್ತು ಮನೆ ಹೊಕ್ಕರೆ ಎಂಟರಲ್ಲಿ ನಮ್ಮ ಭಾಷೆ, ನಮ್ಮ ಬೀನ್ಸ್ ವಾಸನೆ. ವಿಶ್ವವಿದ್ಯಾಲಯದ ಪ್ರಯೋಗಾಲಯ ಹೊಕ್ಕರೆ ನಮ್ಮವರನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಬಂದವರೂ ಎರಡನೇ ವರ್ಷಕ್ಕೆ ಮಾಯ. ಅವರನ್ನು ಕರೆತಂದು ಕೊನೆಯವರೆಗೆ ಉಳಿಸಿಕೊಳ್ಳುವುದು ನನ್ನ ಕೆಲಸ. ಯಾದಿರಾ ಎರಡನೇ ವರ್ಷ ದಾಟಿದ್ದಾಳೆ. ನೆಲದಡಿಯ ಉಪ್ಪುನೀರನ್ನು ತೆಳ್ಳನೆಯ ಪೊರೆಯ ಮೂಲಕ ಹಾಯಿಸಿ ಸಿಹಿ ಮಾಡುವಾಗ ಪೊರೆಯ ಮೇಲೆ ಬಿಳಿ ಪದರ ಯಾಕೆ, ಯಾವಾಗ ಕಟ್ಟುತ್ತದೆ ಅನ್ನುವುದು ಅವಳ ವಿಷಯ. ಅಕ್ಟೋಬರಿನಲ್ಲಿ ಅರ್ಹತಾ ಪರೀಕ್ಷೆ. ಪಾಸಾದರೆ ಪಿಎಚ್.ಡಿ. ದಾರಿ. ಆಗುತ್ತಾಳೆ.

ಅಂದಹಾಗೆ, ನಾನು ಅವಳ ಮಾದ್ರಿನಾ ಕೂಡ. ನಮ್ಮಲ್ಲಿ ಮದುವೆಯ ಕೇಕಿಗೊಬ್ಬಳು, ಹುಡುಗಿಯ ಹದಿನೈದರ ಹಬ್ಬದ ಚಪ್ಪಲಿಗೊಬ್ಬಳು, ಹೀಗೆ ಪ್ರತಿಯೊಂದಕ್ಕೂ ಹೊಣೆ ಹೊತ್ತ ಧರ್ಮತಾಯಿ ಇರುತ್ತಾಳೆ. ಮೇ ತಿಂಗಳಲ್ಲಿ ಅವರ ಮನೆಗೆ ಊಟಕ್ಕೆ ಕರೆದು, ಅವಳ ಅಪ್ಪ ಲೋಟ ಎತ್ತಿ, ಮಗಳ ಓದಿಗೆ ಮಾದ್ರಿನಾ ನಾನೇ ಎಂದು ಸಾರಿದರು. ಪಿಎಚ್.ಡಿ.ಗೆ ಮಾದ್ರಿನಾ ಆದವಳು ಈ ಕಣಿವೆಯಲ್ಲಿ ನಾನೊಬ್ಬಳೇ ಇರಬೇಕು. ಮಾದ್ರಿನಾ ಅಂದಮೇಲೆ ಮಾದರಿಯಾಗಿರಬೇಕು. ಆಗಿದ್ದೇನೆ ಅಂತಲೇ ಅಂದುಕೊಂಡಿದ್ದೇನೆ.

ಸೆಪ್ಟೆಂಬರ್ 7, ಶುಕ್ರವಾರ

ಯಾದಿರಾಳನ್ನು ಪ್ರೌಢಶಾಲೆಗೆ ಕರೆದೊಯ್ದೆ. ಇನ್ನೂರು ಮಕ್ಕಳು. ಮೊದಲ ಐದು ನಿಮಿಷ ಯಾರೂ ಕೇಳಲಿಲ್ಲ. ಆಮೇಲೆ ಅವಳು, ನಿಮ್ಮ ಮನೆಯ ಛಾವಣಿ ಮೇಲಿನ ಕೂಲರಿಗೆ ಬಿಳಿ ಪದರ ಹಿಡಿದಿದೆಯಲ್ಲ, ಅದನ್ನು ಕೆರೆದು ಕೆರೆದು ನಮ್ಮಪ್ಪನ ಉಗುರು ಬಿಳಿಯಾಗಿದೆ, ನನ್ನ ಓದು ಶುರುವಾದದ್ದು ಆ ಉಗುರಿನಿಂದ ಎಂದಳು. ಇನ್ನೂರು ತಲೆ ಒಟ್ಟಿಗೆ ಮೇಲೆದ್ದವು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಅಕ್ಕಾ, ಅಲ್ಲಿ ಅಷ್ಟು ದೊಡ್ಡೋರ ಮಧ್ಯೆ ಭಯ ಆಗಲ್ವಾ?” ಅಂದಳು.

“ದಿನಾ ಆಗತ್ತೆ. ಅದಕ್ಕೂ ಒಂದು ಕುರ್ಚಿ ಹಾಕಿ ಪಕ್ಕದಲ್ಲೇ ಕೂರಿಸ್ಕೊಂಡಿದೀನಿ.”

ಅಳು ಬಂತು. ನನಗೆ. ವರದಿಯಲ್ಲಿ ಇದನ್ನು ಹೇಗೆ ಬರೆಯಲಿ? ‘ಅಳತೆ’ ಕೇಳುತ್ತಾರೆ, ‘ಅಳು’ ಕೇಳುವುದಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಗಡಿಯಾರ ನೋಡುತ್ತಲೇ ಇದ್ದಳು. ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಈಗಿನ ಮಕ್ಕಳಿಗೆ ಎಲ್ಲದಕ್ಕೂ ಓಟ.

ಸೆಪ್ಟೆಂಬರ್ 19, ಬುಧವಾರ

ದಾನಿಗಳ ಊಟ. ಪ್ರತಿ ನಿಧಿಗೂ ಒಬ್ಬ ಪ್ರತಿನಿಧಿ ಬೇಕು, ಇದು ನಮ್ಮ ಕಚೇರಿಯ ಮೊದಲ ನಿಯಮ. ಮೂರು ನಿಧಿ, ಮೂರಕ್ಕೂ ಯಾದಿರಾ. ಸಿಹಿ ಬರುವ ಮುಂಚೆ ಎದ್ದು ನಿಂತಳು; ಇನ್ನೂ ಫೋಟೋ ಆಗಿರಲಿಲ್ಲ; ಕಣ್ಸನ್ನೆ ಮಾಡಿ ಕೂರಿಸಿದೆ. ಕೂತಳು. ಒಳ್ಳೆಯ ಹುಡುಗಿ. ಒಂದು ಮಾತು ಎದುರಾಡಿದವಳಲ್ಲ.

ಸೆಪ್ಟೆಂಬರ್ 28, ಶುಕ್ರವಾರ

ನಿನ್ನೆ, ಇವತ್ತು ಇಬ್ಬರೂ ರಾಜಧಾನಿಯಲ್ಲಿ. ಸಮಾವೇಶ. ಸಮಿತಿ ಮೇಲೆ ಸಮಿತಿ. ‘ಸ’ ಸೇರಿಸಿದ್ದೇ ತಡ, ಮಿತಿ ಹಾರಿಹೋಗುತ್ತದೆ. ಯಾದಿರಾ ನಾಲ್ಕು ಕಡೆ ಮಾತಾಡಿದಳು. ಬಸ್ಸಿನಲ್ಲಿ ಪುಸ್ತಕ ತೆರೆದು, ಅದರ ಮೇಲೇ ನಿದ್ದೆ ಹೋದಳು. ಶಾಲು ಹೊದಿಸಿದೆ.

ಅಕ್ಟೋಬರ್ 5, ಶುಕ್ರವಾರ

ಯಾದಿರಾ ಫೇಲ್.

ಅಕ್ಟೋಬರ್ 6, ಶನಿವಾರ

ನಿನ್ನೆ ಮುಂದೆ ಬರೆಯಲಾಗಲಿಲ್ಲ. ಪರೀಕ್ಷೆಯ ಕೋಣೆಯ ಹೊರಗೆ ಸಿಹಿ ಬ್ರೆಡ್ಡಿನ ಡಬ್ಬಿ, ಬಲೂನು, ಎಂಟು ವಿದ್ಯಾರ್ಥಿಗಳ ಜೊತೆ ನಿಂತಿದ್ದೆ. ಬಾಗಿಲು ತೆರೆದು ಅವಳು ಹೊರಬಂದಾಗ ಬಲೂನಿನವರು ಚಪ್ಪಾಳೆ ಶುರುಮಾಡಿಯೇಬಿಟ್ಟರು. ಅವಳು ಕಾಯ್ದಳು. ಚಪ್ಪಾಳೆ ಮುಗಿದ ಮೇಲೆ, “ಆಗ್ಲಿಲ್ಲ ಮಿಸ್. ಬ್ರೆಡ್ ತಿನ್ನಿ ಎಲ್ಲಾರೂ, ತಣ್ಣಗಾಗತ್ತೆ” ಅಂದಳು.

ಫೆಬ್ರವರಿಯಲ್ಲಿ ಇನ್ನೊಂದು ಅವಕಾಶ. ಅದೇ ಕೊನೆಯದು. ಅದರಲ್ಲೂ ಹೋದರೆ ಮಾಸ್ಟರ್ಸ್ ಪದವಿ ಕೈಗಿಟ್ಟು, ಬೆನ್ನು ತಟ್ಟಿ, ಬಾಗಿಲು ತೋರಿಸುತ್ತಾರೆ. ಆ ಬಾಗಿಲು ನನಗೆ ಗೊತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ರಸಾಯನಶಾಸ್ತ್ರ ಲ್ಯಾಬಿನ ಕೀಲಿಕೈ ಹಿಂದಿರುಗಿಸಿದಾಗ ಗುಮಾಸ್ತೆ ರಸೀದಿ ಕೊಟ್ಟಳು. ಬೇರೆ ಯಾರೂ ಏನೂ ಹೇಳಲಿಲ್ಲ. ಯಾದಿರಾಗೆ ಹಾಗಾಗಕೂಡದು.

ತಪ್ಪು ಯಾರದೆಂದು ನನಗೆ ಗೊತ್ತಿದೆ. ಅವಳ ಮಾರ್ಗದರ್ಶಕ ಡಾ. ಲಿಂಡ್‌ಕ್ವಿಸ್ಟ್. ಉತ್ತರದ ಹಿಮದ ನಾಡಿನವರು. ಹದಿನಾಲ್ಕು ವರ್ಷ ಈ ಮರುಭೂಮಿಯಲ್ಲಿದ್ದರೂ ಕರಗಿಲ್ಲ. ಮಾರ್ಗವೂ ಇಲ್ಲ, ದರ್ಶನವೂ ಇಲ್ಲ. ಸೋಮವಾರ ಹೋಗಿ ಝಾಡಿಸುತ್ತೇನೆ.

ಅಕ್ಟೋಬರ್ 8, ಸೋಮವಾರ

ಹೋದೆ. ಝಾಡಿಸಿದೆ. ನಮ್ಮ ಮಕ್ಕಳು ಈ ಕಟ್ಟಡದಲ್ಲಿ ಅತಿಥಿಗಳ ಹಾಗೆ ಬದುಕುವುದು, ಯಾರೂ ಅವರಿಗೆ ಒಳಗುಟ್ಟು ಹೇಳಿಕೊಡದಿರುವುದು, ಎಲ್ಲ ಹೇಳಿದೆ. ಚೆನ್ನಾಗಿಯೇ ಮಾತಾಡಿದೆ, ಕೈಯಲ್ಲಿ ಮೈಕ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಲಿಂಡ್‌ಕ್ವಿಸ್ಟ್ ತಮ್ಮ ಸ್ಯಾಂಡ್‌ವಿಚ್ ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು.

“ನೀವು ಹೇಳೋದು ಬಹುಪಾಲು ನಿಜ, ಮಿಸೆಸ್ ಬರ್ರಾಸಾ. ಆದ್ರೆ ನಾನು ಯಾದಿರಾನ ಪೋಸ್ಟರಲ್ಲಿ ದಿನಾ ನೋಡ್ತೀನಿ. ಇಲ್ಲಿ ನೋಡಬೇಕು ಅಂತ ಆಸೆ.”

“ಅಂದ್ರೆ? ಅವಳು ಸೋಮಾರಿ ಅಂತಲಾ?”

“ಅಲ್ಲ. ರಾತ್ರಿ ಇಲ್ಲೇ ಚಾಪೆ ಹಾಕ್ತಾಳೆ. ತೊಂದ್ರೆ ಇರೋದು ಹಗಲಲ್ಲಿ.”

ಒಳಗೆ ಕರೆದೊಯ್ದು ತೋರಿಸಿದರು. ಒಂದು ಟ್ಯಾಂಕು, ಒಂದು ಪಂಪು, ಉಕ್ಕಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಪೊರೆ, ಒತ್ತಡ ತೋರಿಸುವ ಮುಳ್ಳು. ಒಮ್ಮೆ ಶುರುವಾದರೆ ಎಪ್ಪತ್ತೆರಡು ಗಂಟೆ ನಿಲ್ಲದೆ ಓಡಬೇಕು. ನಾಲ್ಕು ಗಂಟೆಗೊಮ್ಮೆ ಯಾರಾದರೂ ಮುಳ್ಳು ನೋಡಿ, ಅಂಕಿ ಬರೆದು, ವಾಲ್ವು ಚೂರು ತಿರುಗಿಸಿ, ನೀರಿನ ಹರಿವು ಬದಲಾಗದಂತೆ ನೋಡಿಕೊಳ್ಳಬೇಕು. ತಪ್ಪಿದರೆ ಒತ್ತಡ ಏರಿ ಪಂಪು ತಾನೇ ನಿಲ್ಲುತ್ತದೆ. ನಿಂತರೆ ಕಟ್ಟಿದ ಪದರ ಸಡಿಲವಾಗಿ ಮೊದಲಿಂದ ಶುರು, ಹೊಸ ಪೊರೆಯಿಂದ. ಪರೀಕ್ಷೆಯಲ್ಲಿ ಅವಳ ಬಳಿ ಮುಗಿದ ಪ್ರಯೋಗ ಒಂದೂ ಇರಲಿಲ್ಲ. ಎಲ್ಲ ಮುರಿದವು.

“ಇದನ್ನ ಅವಳಿಗೆ ನೀವು ಹೇಳ್ಲಿಲ್ವಾ? ಹೀಗೆ ಎದ್ದು ಹೋಗ್ಬೇಡ ಅಂತ?”

“ಅವಳಿಗೆ ಆ ಕಾರ್ಯಕ್ರಮಗಳು ಇಷ್ಟ ಅಂದ್ಕೊಂಡೆ. ನಾನು ತಡೆದ್ರೆ ಚೆನ್ನಾಗಿರಲ್ಲ, ನೋಡಿದೋರು ಬೇರೆ ಅರ್ಥ ಮಾಡ್ಕೋತಾರೆ ಅನ್ನಿಸ್ತು.”

“ಕೇಳ್ಬಹುದಿತ್ತಲ್ಲ!”

“ಕೇಳ್ಬಹುದಿತ್ತು” ಅಂದರು. ಆಮೇಲೆ ಮೆಲ್ಲಗೆ, “ನೀವು ಕೇಳಿದ್ರಾ?” ಅಂದರು.

ಕೋಪ ಬಂತು. ಅವಳ ಲ್ಯಾಬ್ ಪುಸ್ತಕದ ಪ್ರತಿ ಕೊಟ್ಟರು. ಧನ್ಯವಾದ ಹೇಳದೆ ಬಂದೆ.

ಅಕ್ಟೋಬರ್ 9, ಮಂಗಳವಾರ

ಲ್ಯಾಬ್ ಪುಸ್ತಕದ ಪ್ರತಿಯನ್ನು ಒಂದು ಕಡೆ, ಈ ನೋಟ್‌ಬುಕ್ಕನ್ನು ಇನ್ನೊಂದು ಕಡೆ ಇಟ್ಟುಕೊಂಡು ಓದಿದೆ.

ಸೆಪ್ಟೆಂಬರ್ 7: 31ನೇ ಗಂಟೆಗೆ ನಿಂತಿತು. ಕಾರಣ: ವೈಯಕ್ತಿಕ.

ಸೆಪ್ಟೆಂಬರ್ 19: 44ನೇ ಗಂಟೆಗೆ ನಿಂತಿತು. ಕಾರಣ: ವೈಯಕ್ತಿಕ.

ಸೆಪ್ಟೆಂಬರ್ 27, 28: ಆರಂಭಿಸಲಿಲ್ಲ. ಕಾರಣ: ವೈಯಕ್ತಿಕ.

ವೈಯಕ್ತಿಕ! ಹಾಗಾದರೆ ಆ ವ್ಯಕ್ತಿ ನಾನು.

ಆದರೆ ನ್ಯಾಯವಾಗಿ ನೋಡಿದರೆ ಅವಳು ಹೇಳಬಹುದಿತ್ತು. ಮತ್ತು ಪ್ರೌಢಶಾಲೆಯ ಭೇಟಿ ವ್ಯರ್ಥವೇನಲ್ಲ. ಮತ್ತು ದಾನಿಗಳ ಊಟ ನನ್ನ ಖುಷಿಗೆ ಇಟ್ಟದ್ದಲ್ಲ. ಮತ್ತು ಕಾರ್ಯಕ್ರಮವೇ ಇಲ್ಲದಿದ್ದರೆ ಅವಳಿಗೆ ಈ ಪೊರೆ, ಪಂಪು ಎಲ್ಲಿತ್ತು? ‘ಮತ್ತು’ಗಳ ಮತ್ತು ಏರುತ್ತಿದೆ. ಮುಚ್ಚಿಡುತ್ತೇನೆ.

ಅಕ್ಟೋಬರ್ 21, ಭಾನುವಾರ

ಯಾದಿರಾಳ ಅಪ್ಪ ದೋನ್ ರೆಫುಹಿಯೋ ಬಂದಿದ್ದರು. ಚಳಿಗಾಲಕ್ಕೆ ಮುಂಚೆ ಕೂಲರಿನ ನೀರು ಬಸಿದು, ಪದರ ಕೆರೆದು, ಮೇಲೆ ಗುಡಾರದ ಬಟ್ಟೆ ಕಟ್ಟುವುದು ವರ್ಷವರ್ಷದ ಕೆಲಸ. ನಮ್ಮ ಮನೆಯದಕ್ಕೆ ಸಂಬಳ ತಗೊಳ್ಳುವುದಿಲ್ಲ, ಮಾದ್ರಿನಾ ಮನೆ. ಮಾದ್ರಿನಾ ಆದಮೇಲೆ ನಾನು ಅವರಿಗೆ ಕೊಮಾದ್ರೆ, ಅವರು ನನಗೆ ಕೊಂಪಾದ್ರೆ, ಬೀಗರ ಹಾಗೊಂದು ನಂಟು. ಛಾವಣಿಯಿಂದಲೇ ಕೂಗಿ ಮಾತಾಡುತ್ತಾರೆ, ಬೀದಿಗೆಲ್ಲ ಪ್ರಸಾರ.

“ಕೊಮಾದ್ರೆ! ಈ ಸಲ ಜಾಸ್ತಿ ಕಟ್ಟಿದೆ ನೋಡಿ! ಕಲ್ಲಾಗ್ಬಿಟ್ಟಿದೆ!”

“ಕೆಳಗಿಳಿದು ಹೇಳಿ ಕೊಂಪಾದ್ರೆ, ಪಕ್ಕದ್ಮನೆಯೋರು ನನ್ನ ಕಿಡ್ನಿ ಬಗ್ಗೆ ಅಂದ್ಕೋತಾರೆ.”

ಇಳಿದು, ಕಾಫಿ ಹಿಡಿದು ಕೂತರು. ಮಗಳ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಅವರೇ ಎತ್ತಿದರು. “ನೀವಿದೀರಲ್ಲ, ನಂಗೆ ಚಿಂತೆಯಿಲ್ಲ.”

“ನಾನು ಕರೆದಾಗೆಲ್ಲ ಬರ್ತಿದ್ಲು. ಅವಳ ಕೆಲಸಕ್ಕೆ ತೊಂದ್ರೆ ಆಗ್ತಿತ್ತಂತೆ. ಒಂದು ಮಾತೂ ಹೇಳ್ಲಿಲ್ಲ ನೋಡಿ.”

ಅವರು ನನ್ನನ್ನೇ ನೋಡಿದರು, ಇವಳಿಗೆ ತಮಾಷೆಯೋ ಏನೋ ಎಂಬಂತೆ.

“ಮಾದ್ರಿನಾ ಕರೆದ್ರೆ ಆಗಲ್ಲ ಅನ್ನೋಕಾಗತ್ತಾ ಕೊಮಾದ್ರೆ? ನಾವು ಹಾಗೆ ಬೆಳೆಸಿಲ್ಲ. ಜ್ವರ ಬಂದಿದ್ರೂ ಎದ್ದು ಹೋಗು ಅಂತ ನಾನೇ ಹೇಳಿದೀನಿ.”

ತುಂಬ ಹೆಮ್ಮೆಯಿಂದ ಹೇಳಿದರು. ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ, ಕೆಳಗೆ ಚೆಲ್ಲಿತು.

ಅಕ್ಟೋಬರ್ 22, ಸೋಮವಾರ

ಯಾದಿರಾಳನ್ನು ಕರೆಯದೆ, ನಾನೇ ಲ್ಯಾಬಿಗೆ ಹೋದೆ. ಫೆಬ್ರವರಿಯವರೆಗೆ ಒಂದು ಕಾರ್ಯಕ್ರಮವೂ ಇಲ್ಲ, ಒಂದು ಊಟವೂ ಇಲ್ಲ, ಪ್ರಮಾಣ ಮಾಡುತ್ತೇನೆ ಎಂದೆ.

“ನಿಜವಾಗ್ಲೂ ಮಿಸ್?”

“ನಿಜವಾಗ್ಲೂ. ಪರೀಕ್ಷೇಲಿ ಯಾಕೆ ಮುಗಿದಿಲ್ಲ ಅಂತ ಅವರು ಕೇಳಿದಾಗ ಏನಂದೆ?”

“ನನ್ನ ತಪ್ಪು ಅಂದೆ.”

“ನನ್ನ ಹೆಸರು ಹೇಳ್ಬಾರ್ದಿತ್ತೇನೇ?”

“ದೂರಿನಲ್ಲಿ ಯಾರಾದ್ರೂ ಮಾದ್ರಿನಾ ಹೆಸರು ಹಾಕ್ತಾರಾ?” ಅಂದು ಮುಳ್ಳಿನ ಕಡೆ ತಿರುಗಿದಳು. “ಮಿಸ್, ಸ್ವಲ್ಪ ಈ ಕಡೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದೀರಿ.”

ನವೆಂಬರ್ 14, ಬುಧವಾರ

ಇದನ್ನು ಬರೆಯುವುದು ಬೇಡ ಎಂದಿದ್ದೆ. ಬರೆಯುತ್ತೇನೆ.

ಮಧ್ಯಾಹ್ನ ಟಿ.ವಿ.ಯವರು ಹೇಳದೆ ಕೇಳದೆ ಬಂದರು. ಪೋಸ್ಟರ್ ನೋಡಿ, ಈ ಹುಡುಗಿ ಬೇಕು, ಹತ್ತೇ ನಿಮಿಷ ಎಂದರು. ಡೀನ್ ಪ್ರೂಯಿಟ್ ಅವರೂ ಪಕ್ಕದಲ್ಲೇ. ಪ್ರೂಯಿಟ್ ನನ್ನ ಮೇಲಧಿಕಾರಿ. ಸದಾ ನಗುವವರು, ಆ ನಗುವಿಗೆ ಇಲ್ಲ ಅನ್ನುವುದು ಕಷ್ಟ. ಕಾರ್ಯಕ್ರಮವಲ್ಲ, ಊಟವಲ್ಲ, ಹತ್ತೇ ನಿಮಿಷ, ಪ್ರಮಾಣ ಮುರಿದಂತಾಗಲಿಲ್ಲ ಎಂದು ಲೆಕ್ಕ ಹಾಕಿ ಸಂದೇಶ ಕಳಿಸಿದೆ. ‘ಬಿಡುವಿದ್ದರೆ ಮಾತ್ರ’ ಎಂದು ಸೇರಿಸಿದ್ದೆ ಕೂಡ.

ಆರು ನಿಮಿಷದಲ್ಲಿ ಬಂದಳು. ಓಡಿ ಬಂದು ಏದುಸಿರು. ಹತ್ತು ನಿಮಿಷ ನಲವತ್ತಾಯಿತು. ನೀಲಿ ನೀರು ಮತ್ತೆ ತರಿಸಿದರು.

ಮುಗಿದ ಮೇಲೆ ಕೇಳಿದೆ. “ಬಿಡುವಿತ್ತು ತಾನೇ?”

“ಐವತ್ತೆಂಟು ಮಿಸ್.”

“ಏನು ಐವತ್ತೆಂಟು?”

“ಗಂಟೆ. ಎರಡರ ರೀಡಿಂಗ್ ಇತ್ತು. ಈಗ ಪಂಪು ನಿಂತಿರತ್ತೆ.” ಕೋಪವಿರಲಿಲ್ಲ ಅವಳಲ್ಲಿ. ಅದೇ ಕಷ್ಟವಾದದ್ದು. “ಹೊಸ ಪೊರೆ ಹಾಕ್ತೀನಿ ಬಿಡಿ.”

“ಬರಲ್ಲ ಅನ್ನೋಕಾಗ್ಲಿಲ್ವೇನೇ!”

“ನೀವು ಕರೆದ್ರಿ.”

ಅಷ್ಟೇ.

ನವೆಂಬರ್ 15, ಗುರುವಾರ

ಲಿಂಡ್‌ಕ್ವಿಸ್ಟ್ ಬಳಿ ಹೋದೆ. ಬೈಸಿಕೊಳ್ಳಲು ಸಿದ್ಧಳಾಗಿದ್ದೆ, ಅವರು ಕುರ್ಚಿ ತೋರಿಸಿದರು.

“ನಾನು ಪ್ರಮಾಣ ಮಾಡೋಕೆ ಲಾಯಕ್ಕಲ್ಲ. ಬೇರೆ ಏನಾದ್ರೂ ಮಾಡೋಕಾಗತ್ತಾ ಹೇಳಿ.”

“ಹಗಲಲ್ಲಿ ಎರಡು ರೀಡಿಂಗ್ ಬರತ್ತೆ, ಹತ್ತಕ್ಕೆ, ಎರಡಕ್ಕೆ. ಅವಳು ಆಗ ಪಾಠ ಮಾಡ್ಬೇಕು, ಓದ್ಬೇಕು. ಬೇರೆಯವರಿಗೂ ಅವರವರ ಕೆಲಸ. ಕೈ ಕಮ್ಮಿ.”

“ನನಗೆರಡು ಇವೆ.”

“ಸುರಕ್ಷತೆಯ ತರಬೇತಿ ಪಾಸ್ ಮಾಡ್ಬೇಕಾಗತ್ತೆ.”

ಪಾಸ್ ಅಂತೆ. ಇಪ್ಪತ್ತಾರು ವರ್ಷದ ನಂತರ ಪರೀಕ್ಷೆ!

ನವೆಂಬರ್ 19, ಸೋಮವಾರ

ಫೇಲಾದೆ. ಕೈಗವಸಿನ ಪ್ರಶ್ನೆಗಳಲ್ಲಿ. ಕೈಗವಸು ಹಾಕಿದ ಕೈಯಲ್ಲಿ ಬಾಗಿಲ ಹಿಡಿ ಮುಟ್ಟಬಾರದಂತೆ, ಫೋನ್ ಮುಟ್ಟಬಾರದಂತೆ, ಮೂಗು ತುರಿಸಬಾರದಂತೆ. ಯಾದಿರಾ ಬಿದ್ದು ಬಿದ್ದು ನಕ್ಕಳು. “ಇನ್ನೊಂದು ಚಾನ್ಸ್ ಇದೆ ಮಿಸ್. ನನಗೂ ಒಂದಿದೆ, ನಿಮಗೂ ಒಂದಿದೆ.”

ನವೆಂಬರ್ 20, ಮಂಗಳವಾರ

ಪಾಸ್. ನೂರಕ್ಕೆ ತೊಂಬತ್ತಾರು. ಬಲೂನು ತಂದವರು ಯಾರೂ ಇಲ್ಲ.

ಡಿಸೆಂಬರ್ 4, ಮಂಗಳವಾರ

10 ಗಂಟೆ: 12.1 ಬಾರ್. 2 ಗಂಟೆ: 12.3 ಬಾರ್. ಒತ್ತಡವನ್ನು ಬಾರ್‌ಗಳಲ್ಲಿ ಅಳೆಯುತ್ತಾರೆ. ಒಂದೇ ದಿನದಲ್ಲಿ ಹನ್ನೆರಡು ಬಾರ್ ದಾಟಿದ್ದು ನನ್ನ ದಿವಂಗತ ಗಂಡನಿಗೂ ಸಾಧ್ಯವಾಗಿರಲಿಲ್ಲ.

ಯಾದಿರಾ ಪಕ್ಕದ ಕೋಣೆಯಲ್ಲಿ ಬಿಳಿ ಹಲಗೆಯ ಮುಂದೆ. ಲಿಂಡ್‌ಕ್ವಿಸ್ಟ್ ಪ್ರಶ್ನೆ ಕೇಳುತ್ತಾರೆ, ಅವಳು ಬರೆಯುತ್ತಾಳೆ, ಅವರು ಮತ್ತೆ ಕೇಳುತ್ತಾರೆ. ವಾರಕ್ಕೆರಡು ಸಲ ಹೀಗೆ ಮಾಡೋಣ ಎಂದು ಅವರೇ ಹೇಳಿದರಂತೆ. ಇವರ ಬಾಯಲ್ಲಿ ಇಷ್ಟು ಪ್ರಶ್ನೆ ಇತ್ತೆಂದು ಯಾರಿಗೆ ಗೊತ್ತಿತ್ತು.

ಡಿಸೆಂಬರ್ 6, ಗುರುವಾರ

10 ಗಂಟೆ: 15.8. ನಿನ್ನೆ ಎರಡಕ್ಕೆ 12.9 ಇತ್ತು! ಎರಡು ದಿನ ಇರುವೆಯ ಹಾಗೆ ಹತ್ತಿ, ಒಂದು ಹಂತದಲ್ಲಿ ಜಿಗಿದುಬಿಟ್ಟಿದೆ. 44ನೇ ಗಂಟೆಯಿಂದ. ಯಾಕೆ ಅಲ್ಲೇ?

ಕಚೇರಿಯ ಕ್ರಿಸ್‌ಮಸ್ ಊಟದ ಆಹ್ವಾನ ಕಳಿಸಲು ಮರೆತಿದ್ದೆ. ಸಹಾಯಕಿ ನೆನಪಿಸಿದಳು. ಹೇಗೆ ಮರೆತೆನೋ.

ಡಿಸೆಂಬರ್ 7, ಶುಕ್ರವಾರ

ಎಪ್ಪತ್ತೆರಡು ಮುಗಿಯಿತು. ಮೊದಲನೆಯದು. ಪರೀಕ್ಷೆಯ ಸಮಿತಿಗೆ ಇಂಥವು ಎರಡು ಬೇಕು.

ಪೊರೆ ಬಿಚ್ಚಿ ತೋರಿಸಿದಳು. ಹಪ್ಪಳದ ಮೇಲೆ ಸಕ್ಕರೆ ಉದುರಿಸಿದ ಹಾಗಿದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಲಾಬಿ ಹೂ. ಅರ್ಧ ಗಂಟೆ ನೋಡಿದೆನಂತೆ. “ಮಿಸ್, ನಂಗೂ ಸ್ವಲ್ಪ ಬಿಡಿ” ಅಂದಳು.

ಜನವರಿ 22, ಮಂಗಳವಾರ

ಎರಡನೆಯದೂ ಮುಗಿಯಿತು, ರಜೆಯ ವಾರಾಂತ್ಯದಲ್ಲಿ. ಆದರೆ ಈ ಸಲ ಜಿಗಿತ 38ನೇ ಗಂಟೆಗೇ. ಒಂದಕ್ಕೊಂದು ತಾಳೆಯಿಲ್ಲ. ಯಾದಿರಾ ಕಂಗಾಲು. ಪರೀಕ್ಷೆಗೆ ಹದಿನೇಳೇ ದಿನ. ಲಿಂಡ್‌ಕ್ವಿಸ್ಟ್ ಎರಡೂ ಪ್ರಯೋಗದ ಅಂಕಿಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದರು.

ನಾನು ಸುಮ್ಮನೆ ಕೇಳಿದೆ. “ರಜೆಯಲ್ಲಿ ಕಟ್ಟಡದ ಬಿಸಿ ಆರಿಸಿದ್ರಲ್ಲ. ಶನಿವಾರ ನಾನು ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ರೀಡಿಂಗ್ ತಗೊಂಡೆ. ನೀರಿಗೂ ಚಳಿಯಾಗಿತ್ತೇನೋ?”

ಇಬ್ಬರೂ ತಿರುಗಿ ನೋಡಿದರು. ತಣ್ಣನೆಯ ನೀರು ಮಂದ, ತಳ್ಳಲು ಹೆಚ್ಚು ಬಲ ಬೇಕು. ನೀರಿನ ಬಿಸಿ ಎಷ್ಟೆಂದು ಯಾರೂ ಬರೆದಿಟ್ಟಿರಲಿಲ್ಲ. ಲಿಂಡ್‌ಕ್ವಿಸ್ಟ್ ಹಲಗೆಯ ಮೇಲೆ ನನ್ನ ಪ್ರಶ್ನೆ ಬರೆದು, ಅದರ ಮುಂದೆ ‘ಓ.ಬ.’ ಎಂದು ಹಾಕಿದರು. ಯಾರಪ್ಪ ಇದು ಓ.ಬ. ಎಂದು ಯೋಚಿಸಿದೆ, ಬಾಗಿಲು ದಾಟಿದ ಮೇಲೆ ಹೊಳೆಯಿತು.

ಜನವರಿ 30, ಬುಧವಾರ

ಡೀನ್ ಪ್ರೂಯಿಟ್ ಕರೆಸಿದ್ದರು. ನಮ್ಮ ಕಚೇರಿಯ ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ರಾಷ್ಟ್ರೀಯ ಸಮಿತಿಯ ಮೂವರು ಫೆಬ್ರವರಿ 7ಕ್ಕೆ ಬರುತ್ತಾರೆ. ಯಾದಿರಾಳ ಪರೀಕ್ಷೆ 8ಕ್ಕೆ.

“ಯಾದಿರಾ ಅವರ ಜೊತೆ ಊಟಕ್ಕೆ ಕೂತ್ರೆ ಸಾಕು ಓಫೆಲಿಯಾ. ನಮ್ಮ ಇಡೀ ಕಾರ್ಯಕ್ರಮದ ಮುಖ ಅವಳು.”

“ಅವಳ ಮುಖಕ್ಕೆ ಅವತ್ತು ಬೇರೆ ಕೆಲಸ ಇದೆ.”

“ಒಂದೇ ಗಂಟೆ!”

“ನಿಮ್ಮ ಒಂದು ಗಂಟೆ ಎಷ್ಟು ಗಂಟೆಗಳದ್ದು ಅಂತ ನನಗೀಗ ಗೊತ್ತು ಡೀನ್. ನನ್ನ ಹತ್ತು ನಿಮಿಷ ಐವತ್ತೆಂಟು ಗಂಟೆ ನುಂಗಿತ್ತು.”

ನಗು ಮೊದಲ ಬಾರಿ ಮಾಸಿತು. “ಅನುದಾನ ನಿಂತ್ರೆ ನಿಮ್ಮ ಕಚೇರಿ ಇರಲ್ಲ. ಅವಳಂಥ ಮೂವತ್ತೊಂದು ಮಕ್ಕಳು ಇದಾರೆ.”

ಅದು ಸುಳ್ಳಲ್ಲ. ದಾರಿಯುದ್ದಕ್ಕೂ ಮೂವತ್ತೊಂದು ಹೆಸರು ಹೇಳಿಕೊಂಡು ಬಂದೆ. ಯಾದಿರಾಗೆ ಈ ವಿಷಯ ಗೊತ್ತಾದರೆ ಬಂದುಬಿಡುತ್ತಾಳೆ. ಗೊತ್ತಾಗಬಾರದು.

ಫೆಬ್ರವರಿ 5, ಮಂಗಳವಾರ

ಯಾದಿರಾ ಇವತ್ತು ಸಂಜೆ ಆರಕ್ಕೆ ಮೂರನೆಯದು ಶುರುಮಾಡಿದಳು, ಈ ಸಲ ನೀರಿನ ಬಿಸಿ ಏರಿಳಿಯದಂತೆ ಕಟ್ಟಿಟ್ಟು. ಪರೀಕ್ಷೆಗೆ ಇದು ಬೇಡ, ಎರಡರಲ್ಲೇ ವಾದ ಮಾಡಬಹುದು ಎಂದು ಲಿಂಡ್‌ಕ್ವಿಸ್ಟ್ ಹೇಳಿದರು.

“ಪರೀಕ್ಷೆಗಲ್ಲ ಸರ್. ನಂಗೆ ಗೊತ್ತಾಗ್ಬೇಕು” ಅಂದಳು.

ನನಗೂ ಗೊತ್ತಾಗಬೇಕು.

ಫೆಬ್ರವರಿ 7, ಗುರುವಾರ

ಪರಿಶೀಲಕರು ಬಂದರು. ಹತ್ತರ ರೀಡಿಂಗ್ ಮುಗಿಸಿ ಓಡಿದೆ. ಸಭೆಗೆ ಐದು ನಿಮಿಷ ತಡ. ಮೂವರಲ್ಲಿ ಹಿರಿಯ ಹೆಂಗಸೊಬ್ಬರು, ಬೆಳ್ಳಿ ಕೂದಲು, ಗಟ್ಟಿ ದನಿ. ಊಟದ ಮೇಜಿನ ಸುತ್ತ ನೋಡಿ, “ಎಲ್ಲಿ ನಿಮ್ಮ ವಿದ್ಯಾರ್ಥಿಗಳು?” ಎಂದರು.

“ಕೆಲಸ ಮಾಡ್ತಿದಾರೆ” ಅಂದೆ.

“ಒಬ್ಬರೂ ಇಲ್ವಾ?”

“ಕರೆದ್ರೆ ಎಲ್ಲಾರೂ ಬರ್ತಾರೆ ಮೇಡಂ. ಅದೇ ತೊಂದ್ರೆ. ಅದಕ್ಕೇ ಕರೀಲಿಲ್ಲ.”

ಡೀನ್ ಕೆಮ್ಮಿದರು. ಆ ಹೆಂಗಸು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದೋ ಮುಖದಲ್ಲಿ ಕಾಣಲಿಲ್ಲ. ಉಳಿದಿಬ್ಬರು ಗಡಿಯಾರ ನೋಡಿಕೊಂಡರು. ಸಿಹಿ ಬಡಿಸುವಾಗ ನಾನು ಎದ್ದು ನಿಂತೆ. ಡೀನ್ ಕಣ್ಸನ್ನೆ ಮಾಡಿದರು. ಎರಡರ ರೀಡಿಂಗ್ ಇತ್ತು, ಹೋದೆ.

44ನೇ ಗಂಟೆಗೆ: 13.4. ಜಿಗಿಯುತ್ತಿದೆ! 38ಕ್ಕೆ ಅಲ್ಲ. ಜನವರಿಯದು ಚಳಿಯ ಕೆಲಸವೇ.

ಫೆಬ್ರವರಿ 8, ಶುಕ್ರವಾರ

ಪರೀಕ್ಷೆ ಹನ್ನೆರಡಕ್ಕೆ. ಬಾಗಿಲ ಹೊರಗೆ ನಿಲ್ಲಲು ನನಗೆ ಸಮಯವಿರಲಿಲ್ಲ. ಲಿಂಡ್‌ಕ್ವಿಸ್ಟ್ ಒಳಗೆ, ಯಾದಿರಾ ಒಳಗೆ, ಲ್ಯಾಬಿನಲ್ಲಿ ನಾನೊಬ್ಬಳೇ. ಕನ್ನಡಕ, ಕೈಗವಸು ಹಾಕಿಕೊಂಡು ಸ್ಟೂಲಿನ ಮೇಲೆ ಕೂತೆ. ಪಂಪಿನ ಸದ್ದು ಒಂದೇ ಸಮ. ಒಂದೂಮುಕ್ಕಾಲರ ಹೊತ್ತಿಗೆ ಒತ್ತಡ ತುಸು ಅವಸರ ಮಾಡಿತು. ವಾಲ್ವನ್ನು ಕೂದಲೆಳೆಯಷ್ಟು ಬಿಟ್ಟೆ.

ಎರಡು ಗಂಟೆ ಎರಡು ನಿಮಿಷಕ್ಕೆ ಬಾಗಿಲು ತೆರೆಯಿತು. ಯಾದಿರಾ. ಮುಖ ನೋಡಿದೆ, ಏನೂ ತಿಳಿಯಲಿಲ್ಲ. ಗೋಡೆಯಿಂದ ಕನ್ನಡಕ ತೆಗೆದು ಹಾಕಿಕೊಂಡಳು, ಕೈಗವಸು ಹಾಕಿಕೊಂಡಳು, ನೇರ ಯಂತ್ರದ ಬಳಿ ಬಂದಳು.

“ಎಷ್ಟಿದೆ?”

“ಹದಿನಾರೂವರೆ.”

“ನೀರು?”

“ಇಪ್ಪತ್ನಾಲ್ಕು ಡಿಗ್ರಿ. ಕೂದಲೆಳೆಯಷ್ಟು ಬಿಟ್ಟಿದೀನಿ.”

ಬಗ್ಗಿ ತಾನೂ ನೋಡಿದಳು. “ಇನ್ನೂ ಸ್ವಲ್ಪ ಬೇಕಿತ್ತು” ಅಂದು ವಾಲ್ವು ಮುಟ್ಟಿದಳು. ಆಮೇಲೆ, ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ, “ಪಾಸಾದೆ ಮಿಸ್” ಅಂದಳು.

“ಏನಂದೆ?”

“ಪಾಸು. ನೀರಿನ ಬಿಸಿ ಬಗ್ಗೆನೇ ಮುಕ್ಕಾಲು ಗಂಟೆ ಕೇಳಿದ್ರು. ಸುಸ್ತಾಯ್ತು.”

ಅಪ್ಪಿಕೊಳ್ಳಲು ಎದ್ದೆ. ಇಬ್ಬರ ಕೈಯಲ್ಲೂ ಕೈಗವಸು. ಕೈ ಎತ್ತಿ ಹಾಗೇ ನಿಂತೆವು, ಯಾರೋ ಬಂದೂಕು ತೋರಿಸಿದ ಹಾಗೆ.

“ಅಪ್ಪಂಗೆ ಫೋನ್ ಮಾಡಿದ್ಯಾ?”

“ಇನ್ನೂ ಇಲ್ಲ.”

“ಅಯ್ಯೋ, ಹೋಗಿ ಮಾಡೇ! ಬೆಳಿಗ್ಗೆಯಿಂದ ಕಾಯ್ತಿರ್ತಾರೆ. ನಾನು ಇಲ್ಲಿರ್ತೀನಿ.”

“ಇರಿ ಮಿಸ್. ಹರಿವು ನೆಟ್ಟಗಾಗ್ಲಿ.”

ಮಗಳೇ, ನಾನು ಹೇಳ್ತಿದೀನಿ ಹೋಗು ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇಬ್ಬರೂ ಮುಳ್ಳು ನೋಡುತ್ತ ನಿಂತೆವು. ಅದು ಅತ್ತಿತ್ತ ನಡುಗಿತು, ಒಂದು ಗೆರೆ ಕೆಳಗಿಳಿಯಿತು, ಅಲ್ಲೇ ನಿಂತಿತು. ಅವಳು ಅಂಕಿ ಬರೆದು, ಪೆನ್ಸಿಲ್ ಕೆಳಗಿಟ್ಟು, ಒಂದೊಂದೇ ಬೆರಳು ಬಿಡಿಸಿ ಕೈಗವಸು ತೆಗೆದಳು. ಆಮೇಲೆ ಫೋನ್ ತೆಗೆದುಕೊಂಡು ಹೊರಗೆ ಹೋದಳು.